ಸೀಲಿನ ಮೇಲಿನ ಕುಂಕುಮ

ನಂಜುಂಡಸ್ವಾಮಿಗೆ ತನ್ನದೊಂದನ್ನು ಬಿಟ್ಟು ಉಳಿದೆಲ್ಲರ ದನಿಯೂ ಬರುತ್ತಿತ್ತು.

ನ್ಯೂಜೆರ್ಸಿಯ ಮೆಟುಚೆನ್ ಊರಿನ ಚರ್ಚ್ ಹಾಲಿನಲ್ಲಿ ಕನ್ನಡ ಕೂಟದ ಯುಗಾದಿ ನಡೆದರೆ ಬಿಸಿಬೇಳೆಭಾತಿಗೆ ಮುಂಚೆ ಅವನ ಮಿಮಿಕ್ರಿ ಬಡಿಸಲೇಬೇಕು. ಲ್ಯಾಂಡ್ ಆಗುವ ಮೊದಲೇ ನಿದ್ದೆಗೆ ಜಾರುವ ಗಗನಸಖಿ, ಫೀಸು ಹೇಳುವಾಗ ಮಾತ್ರ ಕೆಮ್ಮುವ ಹಿಲ್ಸ್‌ಬರೋದ ಡಾಕ್ಟರ್ ಅಂಕಲ್, ಹತ್ತು ವರ್ಷದಿಂದ "ಮುಂದಿನ ವರ್ಷ ಇಂಡಿಯಾಕ್ಕೆ ವಾಪಸ್" ಎನ್ನುತ್ತಿರುವ ಕೂಟದ ಅಧ್ಯಕ್ಷರು. ಕೊನೆಗೆ, ಮಕ್ಕಳೂ ಕಾಯುವ ಐಟಂ: ಅವನ ಬಾಸ್ ಮಿಸ್ಟರ್ ಹಾಲರನ್. ಮೂಗಿನಲ್ಲಿ ಸದಾ ನೆಗಡಿ, ಬಾಯಲ್ಲಿ ಸದಾ "ಫಾರ್ ದ ರೆಕಾರ್ಡ್". ಹೆಂಡತಿಗೆ ಗುಡ್‌ನೈಟ್ ಹೇಳುವಾಗಲೂ ಹಾಲರನ್ "ಫಾರ್ ದ ರೆಕಾರ್ಡ್, ಡಾರ್ಲಿಂಗ್" ಎಂದೇ ಶುರು ಮಾಡುತ್ತಾನೆ ಎಂಬುದು ನಂಜುಂಡಸ್ವಾಮಿಯ ಸಂಶೋಧನೆ.

ಅವನು ನ್ಯೂಜೆರ್ಸಿ ಸರ್ಕಾರದಲ್ಲಿ ಸ್ಲಾಟ್ ಮಷೀನ್ ಎಂಬ ಜೂಜಿನ ಯಂತ್ರಗಳ ಇನ್‌ಸ್ಪೆಕ್ಟರ್. ಅಟ್ಲಾಂಟಿಕ್ ಸಿಟಿಗೆ ಅವನಿಟ್ಟ ಹೆಸರು "ಆಟ-ಲಾಂಟಿಕ್ ಸಿಟಿ". ಅಲ್ಲಿನ ಯಾವ ಕ್ಯಾಸಿನೊದಲ್ಲೇ ಆಗಲಿ, ಹೊಸ ಮಷೀನು ಆಟಕ್ಕೆ ಇಳಿಯುವ ಮೊದಲು ಅದರ ಹೊಟ್ಟೆಯೊಳಗಿನ ಚಿಪ್ಪು ಸರ್ಕಾರದ ಲ್ಯಾಬಿನಲ್ಲಿ ಪಾಸಾಗಬೇಕು. ಪಾಸಾದ ಚಿಪ್ಪನ್ನು ಬೋರ್ಡಿಗೆ ಕೂರಿಸಿ, ಮೇಲೆ ಕಾಗದದ ಟೇಪು ಅಂಟಿಸಿ, ಟೇಪಿನ ಮೇಲೆ ಇನ್‌ಸ್ಪೆಕ್ಟರ್ ಸಹಿ ಹಾಕಬೇಕು. ಅದೇ ಸೀಲು. ಅದು ಹರಿದಿದ್ದರೆ, ಎದ್ದಿದ್ದರೆ, ಒಳಗಿನ ಚಿಪ್ಪು ಸಾಕ್ಷಾತ್ ಸತ್ಯಹರಿಶ್ಚಂದ್ರನೇ ಆಗಿದ್ದರೂ ಕೇಳುವವರಿಲ್ಲ. ಮಷೀನಿನ ಕೀಲಿಕೈ ಯಾರ ಹತ್ತಿರ ಇತ್ತೋ ಅವನ ಕ್ಯಾಸಿನೊ ಲೈಸೆನ್ಸಿಗೆ ಕುತ್ತು.

"ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಸೀಲೇ ಶೀಲ," ಎನ್ನುತ್ತಿದ್ದ ನಂಜುಂಡಸ್ವಾಮಿ. "ಆಡೋರ ಕೈಗೆ ಚಿಪ್ಪು ಕೊಡೋ ಚಿಪ್ಪನ್ನ ನಾವು ಕಾಯ್ತೀವಿ."

ಅವನು ಸೀಲು ಹಾಕುತ್ತಿದ್ದ ಕ್ಯಾಸಿನೊಗಳ ಪೈಕಿ ಸಮುದ್ರದಂಡೆಯ ಬೋರ್ಡ್‌ವಾಕಿನ ಮೇಲಿನ ಒಂದರಲ್ಲಿ ಕೀಲಿಕೈ ಇದ್ದದ್ದು ದಿವಾಕರನ ಹತ್ತಿರ. ಧಾರವಾಡದವನು, ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಆ ಕ್ಯಾಸಿನೊದ ಸ್ಲಾಟ್ ಟೆಕ್ನಿಷಿಯನ್. ಸರ್ಕಾರದವರು ಲೈಸೆನ್ಸ್ ಇದ್ದವರ ಜೊತೆ ಸ್ನೇಹ ಬೆಳೆಸಬಾರದೆಂಬುದು ರೂಲು. ಹಾಗಾಗಿ ಯುಗಾದಿಯ ದಿನ ಇಬ್ಬರೂ ಒಂದೇ ಹಾಲಿನಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕೂತು ಒಂದೇ ಪಾತ್ರೆಯ ಭಾತು ತಿನ್ನುತ್ತಿದ್ದರು. ದಿವಾಕರನ ಹೆಂಡತಿ ಶೈಲಮ್ಮ ಮಾತ್ರ ನಂಜುಂಡಸ್ವಾಮಿಯ ಹೆಂಡತಿ ರಮಾಮಣಿಯ ಪಕ್ಕದಲ್ಲೇ ಕೂರುತ್ತಿದ್ದಳು. ಹೆಂಗಸರ ಬಗ್ಗೆ ರೂಲಿನಲ್ಲಿ ಏನೂ ಬರೆದಿರಲಿಲ್ಲ.

ಆಯುಧಪೂಜೆಯ ದಿನ ಆ ಕ್ಯಾಸಿನೊಗೆ ಒಂದು ಹೊಸ ಮಷೀನು ಬಂತು. ನಂಜುಂಡಸ್ವಾಮಿ ಚಿಪ್ಪು ಕೂರಿಸಿ, ಟೇಪು ಅಂಟಿಸಿ, ಸಹಿ ಹಾಕಿದ. ಸೆಕ್ಯೂರಿಟಿಯವನು ಬಾಗಿಲಲ್ಲಿ ಆ ಕಡೆ ತಿರುಗಿ ಕಾಫಿ ಹೀರುತ್ತಿದ್ದ. ದಿವಾಕರ ಟೂಲ್‌ಬಾಕ್ಸಿನಿಂದ ಕುಂಕುಮದ ಭರಣಿ ತೆಗೆದ. ಒಣ ಕುಂಕುಮ ತಗಡಿನ ಮೇಲೆ ನಿಲ್ಲುವುದಿಲ್ಲವೆಂದು ಎಣ್ಣೆಕ್ಯಾನಿನಿಂದ ಒಂದು ತೊಟ್ಟು ಮಷೀನ್ ಆಯಿಲ್ ಬಿಟ್ಟು ಅಂಗೈಯಲ್ಲಿ ಕಲಸಿದ.

"ಮಷೀನಿನ ಹೊರಗಿನ ಬಾಗಿಲಿಗೆ ಒಂದ್ ಬೊಟ್ಟು ಇಡ್ತೀನ್ರಿ ಸ್ವಾಮೇರ. ಸ್ಕ್ರೂಡ್ರೈವರ್‌ಗೆ ಆತು, ಮೀಟರ್‌ಗೆ ಆತು. ಇದೊಂದು ಯಾಕ ಬಿಡೂದು?"

"ಹೊರಗೆ ಯಾಕ್ರೀ? ದೇವರು ಒಳಗಲ್ವಾ ಇರೋದು?"

"ಒಳಗ ನಾ ಕೈ ಹಾಕಂಗಿಲ್ರಿ. ನಿಮ್ಮ ಸೀಲ್ ಅದ. ಮುಟ್ಟಿದ್ರ ನನ್ನ ಅನ್ನ ಹೋಗ್ತದ."

"ನಾನು ಮುಟ್ಟಬಹುದಲ್ಲ!" ನಂಜುಂಡಸ್ವಾಮಿ ಅವನ ಅಂಗೈಯಿಂದ ಉಂಗುರದ ಬೆರಳಲ್ಲಿ ಕುಂಕುಮ ತೆಗೆದು, ಮೂಗು ಕಟ್ಟಿಸಿಕೊಂಡು, ಹಾಲರನ್ ಆದ. "ಫಾರ್ ದ ರೆಕಾರ್ಡ್, ನ್ಯೂಜೆರ್ಸಿ ರಾಜ್ಯ ನನಗೆ ಕೊಟ್ಟಿರುವ ಅಧಿಕಾರದ ಮೇರೆಗೆ, ಈ ಮಷೀನು ಇಂದಿನಿಂದ ಮುತ್ತೈದೆ!" ಎಂದು ಟೇಪಿನ ನಡುಮಧ್ಯಕ್ಕೆ, ತನ್ನ ಸಹಿಯ ಪಕ್ಕದಲ್ಲೇ, ಬೊಟ್ಟಿಟ್ಟ.

ದಿವಾಕರ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಬಾಗಿಲು ಮುಚ್ಚಿ ಕೀಲಿ ಹಾಕಿದ.

ಮಷೀನು ಹಗಲೂ ರಾತ್ರಿ ಓಡಿತು. ಒಳಗಿನ ಶೆಖೆಗೆ ಎಣ್ಣೆ ಕಾಗದಕ್ಕೆ ಇಳಿಯಿತು, ಅಂಟಿಗೆ ಇಳಿಯಿತು. ಚಳಿಗಾಲ ಕಳೆದ ಮೇಲೆ, ಸೀನಿಯರ್ ಸಿಟಿಜನ್‌ಗಳ ಬಸ್ಸಿನಲ್ಲಿ ಬಂದಿದ್ದ ಒಬ್ಬ ಮುದುಕಿಗೆ ಆ ಮಷೀನಿನಲ್ಲಿ ಜಾಕ್‌ಪಾಟ್ ಹೊಡೆಯಿತು. ದೊಡ್ಡ ಜಾಕ್‌ಪಾಟ್ ಎಂದರೆ ದುಡ್ಡು ಕೊಡುವ ಮೊದಲು ಸರ್ಕಾರದವರು ಬಂದು ಮಷೀನು ಬಿಚ್ಚಿ ನೋಡಬೇಕು. ಆ ದಿನ ಡ್ಯೂಟಿಯಲ್ಲಿದ್ದವನು ಬೇರೊಬ್ಬ ಇನ್‌ಸ್ಪೆಕ್ಟರ್. ಅವನು ಕಂಡದ್ದು: ಅರ್ಧ ಎದ್ದ ಟೇಪು, ಹರಡಿಕೊಂಡ ಸಹಿ, ಅದರ ಮೇಲೆ ರಕ್ತದಂಥ ಕಲೆ.

ಮರುದಿನ ಬೆಳಿಗ್ಗೆ ಹಾಲರನ್ ಪ್ಲಾಸ್ಟಿಕ್ ಚೀಲದಲ್ಲಿದ್ದ ಬೋರ್ಡನ್ನು ನಂಜುಂಡಸ್ವಾಮಿಯ ಟೇಬಲ್ಲಿನ ಮೇಲಿಟ್ಟ.

"ಚಿಪ್ಪು ಸರಿಯಾಗಿದೆ. ಗೆದ್ದ ಅಜ್ಜಿಗೆ ದುಡ್ಡು ಕೊಟ್ಟಾಯ್ತು. ಆದರೆ ಫಾರ್ ದ ರೆಕಾರ್ಡ್, ಸ್ವಾಮಿ, ಯಾರೋ ಸೀಲು ಎಬ್ಬಿಸಿದ್ದಾರೆ. ನಿಮ್ಮ ಟೆಕ್ನಿಷಿಯನ್ ಮಿತ್ರ ಕೆಲಸದಿಂದ ಸಸ್ಪೆಂಡ್."

"ಮಿತ್ರ ಅಲ್ಲ, ಸರ್," ಎಂದ ನಂಜುಂಡಸ್ವಾಮಿ. ತಕ್ಷಣ ಬಂದ ಮಾತು ಅದು.

ಹಾಲರನ್ ಹೋದ ಮೇಲೆ ಕಲೆಯ ಮೇಲೆ ಬೆರಳಿಟ್ಟು ನೋಡಿದ. ಉಂಗುರದ ಬೆರಳಿನಷ್ಟೇ ಅಗಲ.

ಆ ಶನಿವಾರ ಮೆಟುಚೆನ್ ರೈಲು ಸ್ಟೇಷನ್ನಿನ ಪಾರ್ಕಿಂಗ್ ಲಾಟಿನಲ್ಲಿ ದಿವಾಕರ ಕಾದಿದ್ದ. ಮುಖ ಒಣಗಿತ್ತು. ನಂಜುಂಡಸ್ವಾಮಿ ಅತ್ತಿತ್ತ ನೋಡಿ, ಅವನನ್ನು ಕಾರಿನೊಳಗೆ ಕೂರಿಸಿಕೊಂಡ.

"ಲೈಸೆನ್ಸ್ ಹೋದ್ರ ನೌಕರಿ ಹೋತು. ನೌಕರಿ ಹೋದ್ರ ಗ್ರೀನ್ ಕಾರ್ಡೂ ಹೋತು, ಅವ್ರs ಸ್ಪಾನ್ಸರ್ ಮಾಡ್ಯಾರ," ಎಂದ ದಿವಾಕರ. "ಸಣ್ಣಾಕಿಗೆ ಕನ್ನಡ ಓದಾಕ ಬರಂಗಿಲ್ರಿ. ಊರಿಗೆ ಒಯ್ದು ಯಾವ ಸಾಲ್ಯಾಗ ಹಾಕ್ಲಿ?"

"ಅಷ್ಟು ದೂರ ಹೋಗಲ್ಲ ಬಿಡ್ರೀ."

"ನಿಮ್ಮ ಹೆಸರು ನಾ ಹೇಳಂಗಿಲ್ರಿ. ನಾ ಹೇಳಿದ್ರ ಕಳ್ಳ ಪೊಲೀಸನ ಮ್ಯಾಲ ಹಾಕ್ಯಾನ ಅಂತಾರ. ನೀವs ಬಾಯಿ ಬಿಡಬೇಕು. ನಗಿಚಾಟಿಗಿ ಮಾಡಿದ್ದೆ, ಹಬ್ಬ ಇತ್ತು, ಎಣ್ಣಿ ಇಳದದ ಅಂತ. ಇಷ್ಟs."

ಇಷ್ಟೇ. ಅದರ ಬೆಲೆ ನಂಜುಂಡಸ್ವಾಮಿಗೂ ಗೊತ್ತಿತ್ತು. ಸ್ವಂತ ಸೀಲನ್ನು ತಾನೇ ಕೆಡಿಸಿದ ಇನ್‌ಸ್ಪೆಕ್ಟರ್. ಲೈಸೆನ್ಸ್ ಇದ್ದವನ ಜೊತೆ ಹಬ್ಬ ಮಾಡಿದ ಇನ್‌ಸ್ಪೆಕ್ಟರ್. ಹೋದ ತಿಂಗಳಷ್ಟೇ ಮನೆ ಸಾಲಕ್ಕೆ ಸೈನ್ ಮಾಡಿದ್ದ.

"ನಾನು ಹೇಳ್ತೀನಿ ರೀ," ಎಂದ, ದಿವಾಕರನ ಭುಜ ತಟ್ಟಿ. "ನೀವು ಯೋಚ್ನೆ ಮಾಡಬೇಡಿ. ನಾನಿದ್ದೀನಲ್ಲ!"

ಆ ಹೊತ್ತಿನಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಮನೆಗೆ ಹೋಗಿ ರಮಾಮಣಿಗೂ ಹಾಗೇ ಹೇಳಿದ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ಹೇಳಬೇಕು, ಸರಿ. ಹೇಳಿದ ಮೇಲೆ?"

"ಹೇಳಿದ ಮೇಲೆ ಮಿಮಿಕ್ರಿ ಮಾಡ್ಕೊಂಡು ಬದುಕೋದು."

ಅವಳು ನಗಲಿಲ್ಲ. "ನಾಳೆ ಶೈಲಮ್ಮ ಫೋನ್ ಮಾಡಿದರೆ ನಾನು ಏನು ಹೇಳಲಿ, ಅದನ್ನ ಮೊದಲು ಹೇಳಿ," ಎಂದಳು. ಮರುದಿನ ಫೋನ್ ರಿಂಗಾದಾಗ ಇಬ್ಬರೂ ಅದನ್ನೇ ನೋಡುತ್ತ ಕೂತರು. ಅದು ನಿಂತ ಮೇಲೆ ರಮಾಮಣಿ ಎದ್ದು ಒಳಗೆ ಹೋದಳು.

ವಿಚಾರಣೆ ಒಂದು ಚಿಕ್ಕ ಕೋಣೆಯಲ್ಲಿ ನಡೆಯಿತು. ಎದುರಿಗೆ ತೀರ್ಪು ಕೊಡುವಾಕೆ, ಕನ್ನಡಕದ ಬಿಳಿ ಹೆಂಗಸು. ಒಂದು ಕಡೆ ಹಾಲರನ್, ಇನ್ನೊಂದು ಕಡೆ ದಿವಾಕರ. ಇಂಟರ್‌ವ್ಯೂಗೆ ಬಂದವನಂತೆ ಕೋಟು ಹಾಕಿದ್ದ. ಹಣೆಯ ಮೇಲೆ ಮಾಸಿದ ಸಣ್ಣ ಕುಂಕುಮ.

ಸರ್ಕಾರದ ವಕೀಲ ನಂಜುಂಡಸ್ವಾಮಿಯನ್ನು ಕರೆದ. ಸೀಲು ನೀವೇ ಹಾಕಿದ್ದಾ? ಹೌದು. ಹಾಕಿದಾಗ ಸರಿಯಾಗಿತ್ತಾ? ಹೌದು. ಆಮೇಲೆ ಆ ಬಾಗಿಲಿನ ಕೀಲಿಕೈ ಯಾರ ಹತ್ತಿರ ಇತ್ತು? ದಿವಾಕರನ ಹತ್ತಿರ. ಎಲ್ಲವೂ ನಿಜ. ಒಂದೊಂದು ನಿಜವೂ ದಿವಾಕರನ ಕೊರಳಿಗೆ ಸುತ್ತಿಕೊಳ್ಳುತ್ತಿತ್ತು.

ವಕೀಲ ಚೀಲ ಎತ್ತಿ ಹಿಡಿದ. "ಈ ಕೆಂಪು ಕಲೆ ಏನು ಅಂತ ಗುರುತಿಸಬಲ್ಲಿರಾ?"

ದಿವಾಕರ ಮುಂದಕ್ಕೆ ಬಾಗಿದ. ಅವನ ಮುಖದಲ್ಲಿ ನಿರಾಳ ಮೂಡಿತು, ಬಸ್ಸು ತಿರುವಿನಲ್ಲಿ ಕಂಡಾಗ ಮೂಡುವಂಥದ್ದು.

ನಂಜುಂಡಸ್ವಾಮಿ ಬಾಯಿ ತೆರೆದ. ಮಾತು ಗಂಟಲಲ್ಲಿತ್ತು. ಅದಕ್ಕೆ ಯಾವ ದನಿ ಹಾಕಬೇಕೆಂದು ತಿಳಿಯಲಿಲ್ಲ. ಅಭ್ಯಾಸದ ದನಿಯೊಂದು ತಾನಾಗಿ ಎದ್ದು, ಮೂಗಿನ ಮೂಲಕ, ಅವನಿಗಿಂತ ಮೊದಲು ಹೊರಬಂತು.

"ಫಾರ್ ದ ರೆಕಾರ್ಡ್, ಅನ್‌ನೋನ್ ರೆಡ್ ಸಬ್‌ಸ್ಟೆನ್ಸ್. ಎಲ್ಲಿಂದ ಬಂತು ಎಂದು ಹೇಳಲು ಸಾಧ್ಯವಿಲ್ಲ."

ಹಾಲರನ್ ಒಮ್ಮೆ ತಲೆಯೆತ್ತಿ ನೋಡಿದ. ತನ್ನದೇ ಮಾತು ಬೇರೆ ಬಾಯಲ್ಲಿ ಕೇಳಿ, ಮೆಚ್ಚಿ, ತಲೆಯಾಡಿಸಿದ.

ದಿವಾಕರ ನಿಧಾನವಾಗಿ ಕುರ್ಚಿಗೆ ಒರಗಿದ. ಅವನ ಸರದಿ ಬಂದಾಗ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದ: "ಮೇಡಂ, ಅದು ಕುಂಕುಮ. ನಮ್ಮ ಹಬ್ಬದ ದಿನ ಕೆಲಸದ ಸಾಮಾನಿಗೆ ಹಚ್ಚುತ್ತೇವೆ. ತಂದವನು ನಾನು. ಎಣ್ಣೆ ಕಲಸಿದವನೂ ನಾನೇ."

"ಸೀಲಿಗೆ ಹಚ್ಚಿದವರು ಯಾರು?"

"ಹಚ್ಚಿದವರಿಗೆ ಗೊತ್ತು."

"ಅದು ಉತ್ತರವಲ್ಲ, ಸರ್. ನೀವು ಹಚ್ಚಿದಿರಾ?"

"ಇಲ್ಲ. ನಾನು ಸೀಲು ಮುಟ್ಟುವುದಿಲ್ಲ."

ಆಕೆ ಕಾದಳು. ದಿವಾಕರ ನಂಜುಂಡಸ್ವಾಮಿಯತ್ತ ನೋಡಲೂ ಇಲ್ಲ, ಅದೊಂದು ಉಪಕಾರ ಮಾಡಿದ. ನಂಜುಂಡಸ್ವಾಮಿಗೆ ಎದ್ದು ನಿಲ್ಲಲು ಅಷ್ಟು ಹೊತ್ತು ಸಾಕಿತ್ತು. ಅವನು ತನ್ನ ಬೂಟಿನ ಲೇಸು ನೋಡುತ್ತಿದ್ದ.

ಊಟಕ್ಕೆ ಏಳುವ ಮೊದಲೇ ತೀರ್ಪು ಬಂತು. ಲೈಸೆನ್ಸ್ ರದ್ದು. ಇನ್ನು ಆ ರಾಜ್ಯದ ಯಾವ ಕ್ಯಾಸಿನೊದ ಬಾಗಿಲೂ ಅವನಿಗೆ ತೆರೆಯುವುದಿಲ್ಲ.

ಕಾರಿಡಾರಿನಲ್ಲಿ ಎಲಿವೇಟರ್ ಮುಂದೆ ಇಬ್ಬರೂ ಸಿಕ್ಕಿದರು. ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಪಕ್ಕದಲ್ಲಿ ದಪ್ಪ ಗಾರ್ಡೊಬ್ಬ ನಿಂತಿದ್ದ. ಬೆಳಿಗ್ಗೆ ಸೆಕ್ಯೂರಿಟಿ ಚೆಕ್ಕಿನಲ್ಲಿ ನಂಜುಂಡಸ್ವಾಮಿಯ ಜೊತೆ ಹವಾಮಾನದ ಬಗ್ಗೆ ಹರಟಿದ್ದವನು.

"ದಿವಾಕರ್," ಎಂದ ನಂಜುಂಡಸ್ವಾಮಿ. "ಅಪೀಲು ಅಂತ ಇರತ್ತೆ. ನಾನು ಯಾರನ್ನಾದರೂ ಕೇಳಿ..."

ದಿವಾಕರ ಅವನನ್ನೇ ನೋಡಿದ. ಅವನು ಎಂದೂ ಯಾರ ದನಿಯನ್ನೂ ಅಣಕಿಸಿದವನಲ್ಲ. ಹಾಲಿನ ಮೂಲೆಯಲ್ಲಿ ಕೂತು ಚಪ್ಪಾಳೆ ತಟ್ಟುವವನು. ಈಗ ಕತ್ತನ್ನು ಸ್ವಲ್ಪ ಎಡಕ್ಕೆ ವಾಲಿಸಿದ. ಕೈಯೆತ್ತಿ ನಂಜುಂಡಸ್ವಾಮಿಯ ಭುಜ ತಟ್ಟಿದ. ಅವನ ಬಾಯಿಂದ ಧಾರವಾಡ ಪೂರ್ತಿ ಮಾಯವಾಗಿ, ನಂಜುಂಡಸ್ವಾಮಿಯದೇ ಆದ ಮೈಸೂರಿನ ಮೆತ್ತನೆಯ ಮಾತು, ಕೊನೆಯಲ್ಲಿ ಆ ಸಣ್ಣ ನಗುವಿನ ಎಳೆಯ ಸಮೇತ ಬಂತು:

"ನಾನು ಹೇಳ್ತೀನಿ ರೀ. ನೀವು ಯೋಚ್ನೆ ಮಾಡಬೇಡಿ. ನಾನಿದ್ದೀನಲ್ಲ!"

ಗಾರ್ಡಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಗಹಗಹಿಸಿ ನಕ್ಕ. "ಓ ಮ್ಯಾನ್," ಎಂದು ನಂಜುಂಡಸ್ವಾಮಿಯ ಕಡೆ ಬೆರಳು ತೋರಿದ. "ಅದು ನೀವು! ಥೇಟ್ ನೀವೇ!"

ಎಲಿವೇಟರ್ ಬಂತು. ದಿವಾಕರ ಒಳಗೆ ಹೋಗಿ ಈ ಕಡೆ ತಿರುಗಿ ನಿಂತ. ಅವನ ಮುಖದಲ್ಲಿ ನಗುವಿರಲಿಲ್ಲ. ಗಾರ್ಡು ಬಾಗಿಲಿಗೆ ಕೈಯಡ್ಡ ಇಟ್ಟು, "ಬರ್ತೀರಾ, ಸರ್?" ಎಂದು ಕೇಳಿದ.

ನಂಜುಂಡಸ್ವಾಮಿ ಬಾಯಿ ತೆರೆದ. ಯಾರ ದನಿಯೂ ಬರಲಿಲ್ಲ.