ಗೊತ್ತಿದ್ದೂ ಹೇಳದ ಏಳು ದಿನ

ತಮಿಳುನಾಡಿನ ನೀಲಗಿರಿಯಲ್ಲಿ, ಮಸಿನಗುಡಿಯಿಂದ ಮೋಯಾರ್‌ಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಕನ್ನಡ ಮಾತಾಡುವ ಒಂದು ಸಣ್ಣ ಊರು. ಅಲ್ಲಿ ಮನೆಗಳಿಗಿಂತ ದನಗಳೇ ಹೆಚ್ಚು. ಹಾಲು ಸಂಘಕ್ಕೆ ಹೋಗುತ್ತದೆ, ಸಗಣಿ ಕೇರಳದ ಲಾರಿ ಹತ್ತುತ್ತದೆ. ಊರಿನ ಒಲೆ ಉರಿಯುವುದು ಇವೆರಡರಿಂದಲೇ.

ಹಾಲಿನ ಸಂಘದ ಕಾರ್ಯದರ್ಶಿ ಪ್ರೇಮಲತಾ. ಸರ್ಕಾರದಿಂದ ಯಾವ ತಮಿಳು ಕಾಗದ ಬಂದರೂ ಓದಿ, ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದವಳು ಅವಳೇ. ಅವಳು ಹೇಳಿದಳೆಂದರೆ ಊರು ಮರುಮಾತಾಡುತ್ತಿರಲಿಲ್ಲ.

2001ರ ಬೇಸಿಗೆ. ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ ವಾರ. ಸೋಮವಾರ ಬೆಳಿಗ್ಗೆ ಗೋಪಾಲನ್ ಅವರ ದೊಡ್ಡಿಯಲ್ಲಿ ಒಂದು ಹಸು ಸತ್ತು ಬಿದ್ದಿತ್ತು. ಹಿಂದಿನ ಸಂಜೆಯವರೆಗೂ ಚೆನ್ನಾಗಿ ಮೇಯ್ದಿದ್ದ ಹಸು. ಮೂಗಿನಿಂದ ಕಪ್ಪು ರಕ್ತ ಹರಿದಿತ್ತು. ಪಶು ಆಸ್ಪತ್ರೆಯ ಡಾಕ್ಟರು ರಾಜಾಮಣಿ ಬಂದು ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಆಳವಾಗಿ ಗುಂಡಿ ತೋಡಿಸಿ, ಸುಣ್ಣ ಸುರಿಸಿ, ಹಸುವನ್ನು ಹೂಳಿಸಿದರು. ಆಮೇಲೆ ಸಂಘಕ್ಕೆ ಬಂದರು.

“ನನಗೆ ಅಡೈಪ್ಪಾನ್ ಅಂತ ಸಂದೇಹ, ಪ್ರೇಮಲತಾ. ನಿಮ್ಮ ಕಡೆ ನೆರಡಿ ರೋಗ ಅಂತಾರಲ್ಲ, ಅದೇ ಆಂಥ್ರಾಕ್ಸ್. ಮನುಷ್ಯರಿಗೂ ಹತ್ತುತ್ತೆ. ರಿಪೋರ್ಟ್ ಬರೋಕೆ ಒಂದು ವಾರ ಆಗ್ಬೋದು, ಅಲ್ಲೀತನಕ ಕಾಯೋದು ಬೇಡ. ದನ ಸತ್ರೆ ಯಾರೂ ಮುಟ್ಟಬಾರದು, ನನಗೆ ಹೇಳಿ ಕಳಿಸ್ಬೇಕು. ಇವತ್ತೇ ಎಲ್ಲರಿಗೂ ಹೇಳಿಬಿಡಿ.”

ತಮಿಳಿನಲ್ಲಿ ಬರೆದ ಒಂದು ನೋಟೀಸನ್ನು ಗೋಡೆಗೆ ಅಂಟಿಸಿ ಅವರು ಬೈಕ್ ಹತ್ತಿದರು.

ಪ್ರೇಮಲತಾ ನೋಟೀಸನ್ನು ಮತ್ತೊಮ್ಮೆ ಓದಿದಳು. ಇದು ಬಾಯಿಂದ ಬಾಯಿಗೆ ಹೋದರೆ ಹಾಲಿನ ವ್ಯಾನ್ ಊರಿಗೆ ಬರುವುದಿಲ್ಲ. ಬುಧವಾರ ಬರಬೇಕಾದ ಸಗಣಿ ಲಾರಿ ಅರ್ಧ ದಾರಿಯಿಂದ ತಿರುಗುತ್ತದೆ. ಜನ ಗಾಬರಿ ಬೀಳುತ್ತಾರೆ. ಡಾಕ್ಟರು ಸಂದೇಹ ಅಂತ ತಾನೇ ಅಂದದ್ದು, ರಿಪೋರ್ಟ್ ಬರಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಅಂಟು ಒಣಗುವ ಮೊದಲೇ ಕಾಗದವನ್ನು ಕಿತ್ತು ಮಡಿಸಿ ಮೇಜಿನೊಳಗೆ ಇಟ್ಟಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಊರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ನಂಬಿದ್ದಳು.

ಸಂಜೆ ಹಾಲು ಹಾಕಲು ಅವಳ ಪಕ್ಕದ ಮನೆಯ ಮಾದಯ್ಯ ಬಂದ.

“ಗೋಪಾಲನ್ ಹಸುಗೆ ಏನಾಯ್ತಂತೆ ಪ್ರೇಮಮ್ಮಾ? ಡಾಕ್ಟ್ರು ಬಂದಿದ್ರಂತಲ್ಲ?”

“ಏನೋ ವಿಷದ ಸೊಪ್ಪು ತಿಂದಿರ್ಬೇಕು ಮಾದಣ್ಣ. ಹೆದರೋ ಅಂಥದ್ದು ಏನಿಲ್ಲ.”

“ಸರಿ ಬಿಡು, ನೀನು ಹೇಳಿದ್ಮೇಲೆ ಆಯ್ತು,” ಅಂದು ಮಾದಯ್ಯ ಖಾಲಿ ಕ್ಯಾನ್ ಹಿಡಿದು ಹೊರಟ.

ಮರುದಿನ ಅವನ ಕೆಂದಹಸು ಸತ್ತಿತು. ಅವನೇ ಕೈಯಾರೆ ಸಾಕಿ ಬೆಳೆಸಿದ ಹಸು. ಅದರ ಮೂಗಿನ ರಕ್ತವನ್ನು ಬರಿಗೈಯಲ್ಲಿ ಒರೆಸಿದ, ಮುಖ ತೊಳೆದ, ಹಗ್ಗ ಕಟ್ಟಿ ನೆರೆಯವರ ಎತ್ತುಗಳಿಂದ ಎಳೆಸಿ ಹಿತ್ತಲ ಆಚೆ ಹೂತ. ಅದೂ ಸೊಪ್ಪು ತಿಂದೇ ಸತ್ತಿರಬೇಕು ಎಂದುಕೊಂಡ. ಬೇಲಿಯ ಮುಳ್ಳು ಗೀರಿದ ಗಾಯ ಅವನ ಕೈಮೇಲೆ ಇನ್ನೂ ಹಸಿಯಾಗಿತ್ತು.

ವಿಷಯ ಪ್ರೇಮಲತಾಳಿಗೂ ತಿಳಿಯಿತು. ಈಗಲಾದರೂ ಹೇಳಬೇಕು ಅನ್ನಿಸಿತು. ಆದರೆ ನಿನ್ನೆ ಏನಿಲ್ಲ ಎಂದು ಇವತ್ತು ಇದೆ ಎನ್ನುವುದು ಹೇಗೆ? ಆ ನಾಚಿಕೆಯಲ್ಲೇ ಒಂದೊಂದು ದಿನವೂ ಕಳೆಯಿತು.

ಶುಕ್ರವಾರ ಮಾದಯ್ಯನ ಕೈಯಲ್ಲಿ ಒಂದು ಗುಳ್ಳೆ ಎದ್ದಿತು. ನೋವಿಲ್ಲ, ಅದಕ್ಕೇ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಹೆಂಡತಿ ಮಲ್ಲಾಜಮ್ಮ ಅರಿಸಿನ ಹಚ್ಚಿದಳು. ಭಾನುವಾರ ಗುಳ್ಳೆ ಒಡೆದು ನಡುವೆ ಕಪ್ಪಾಯಿತು, ತೋಳು ಊದಿತು. ಸೋಮವಾರ ರಿಪೋರ್ಟ್ ಬಂತು. ಸಂದೇಹ ನಿಜವಾಗಿತ್ತು. ಅಂದೇ ಊರಿಗೆ ಬಂದ ನರ್ಸ್ ಕಮಲಂ, ಜ್ವರದಲ್ಲಿ ಬಡಬಡಿಸುತ್ತಿದ್ದ ಮಾದಯ್ಯನನ್ನು ನೋಡಿ ಕೂಡಲೇ ಜೀಪು ಹಿಡಿದು ಊಟಿಯ ಆಸ್ಪತ್ರೆಗೆ ಸಾಗಿಸಿದಳು.

“ಗುಳ್ಳೆ ಎದ್ದ ದಿನವೇ ಬಂದಿದ್ರೆ ಔಷಧಿಗೆ ಬಗ್ಗೋ ರೋಗ ಇದು,” ಅಂದರು ಅಲ್ಲಿನ ಡಾಕ್ಟರು. ವಿಷ ರಕ್ತಕ್ಕೆ ಏರಿತ್ತು. ಗುರುವಾರ ಮಾದಯ್ಯ ತೀರಿಕೊಂಡ.

ಆಮೇಲೆ ಊರು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನೀರಿಗೆ ವಿಷ ಹಾಕಿದ್ದಾರೆ ಎಂದರು ಕೆಲವರು. ಡಾಕ್ಟರ ಸೂಜಿಯಿಂದಲೇ ದನ ಸಾಯುತ್ತಿವೆ ಎಂದರು ಇನ್ನು ಕೆಲವರು. ಲಸಿಕೆ ತಂದ ರಾಜಾಮಣಿಗೆ ಯಾರೂ ದೊಡ್ಡಿಯ ಬಾಗಿಲು ತೆಗೆಯಲಿಲ್ಲ.

ಪ್ರೇಮಲತಾ ಕಮಲಂ ಮುಂದೆ ಎಲ್ಲವನ್ನೂ ಹೇಳಿ ಅತ್ತಳು. “ಜನ ಗಾಬರಿ ಬೀಳ್ತಾರೆ ಅಂತ ಸುಮ್ಮನಿದ್ದೆ ಅಕ್ಕ.”

“ಈಗ ನೋಡು, ಇದಕ್ಕಿಂತ ಗಾಬರಿ ಬೇಕಾ?” ಅಂದಳು ಕಮಲಂ. “ಏನು ಮಾಡ್ಬೇಕು ಅಂತ ಗೊತ್ತಿದ್ರೆ ಜನ ಹೆದರಿದ್ರೂ ಹುಷಾರಾಗಿರ್ತಾರೆ. ಗೊತ್ತಿರೋದನ್ನ ಹೇಳು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು. ಇವತ್ತು ಏನು ಮಾಡ್ಬೇಕು ಅಂತ ಹೇಳು. ನಾಳೆ ಬಂದು ಮತ್ತೆ ಹೇಳು. ಅದಕ್ಕೂ ಮೊದ್ಲು ನಿನ್ನ ತಪ್ಪು ಹೇಳು. ಇಲ್ದಿದ್ರೆ ಮಿಕ್ಕಿದ್ದು ಯಾರ ಕಿವಿಗೂ ಹೋಗಲ್ಲ.”

ಪ್ರೇಮಲತಾ ಮೊದಲು ಹೋದದ್ದು ಮಲ್ಲಾಜಮ್ಮನ ಮನೆಗೆ.

“ಡಾಕ್ಟ್ರು ನನಗೆ ಮೊದಲ ಸೋಮವಾರವೇ ಹೇಳಿದ್ರು ಅಕ್ಕ. ನಾನೇ ಮುಚ್ಚಿಟ್ಟೆ. ಮಾದಣ್ಣ ಕೇಳಿದಾಗಲೂ ಸುಳ್ಳು ಹೇಳಿದೆ. ಉಳಿದಿರೋ ಹಸುಗಳಿಗಾದ್ರೂ ಡಾಕ್ಟ್ರ ಹತ್ರ ಸೂಜಿ ಹಾಕ್ಸು.”

ಮಲ್ಲಾಜಮ್ಮ ಕಂಬಕ್ಕೆ ಒರಗಿ ಕೂತಿದ್ದಳು.

“ನೀನು ಹೇಳಿದ್ರೆ ಅವರು ಕೇಳ್ತಿದ್ರು ಕಣೇ,” ಅಂದಳು. “ಅವತ್ತು ಏನಿಲ್ಲ ಅಂದೆ. ಇವತ್ತು ಸೂಜಿ ಹಾಕ್ಸು ಅನ್ನೋಕೆ ಬಂದಿದೀಯ. ಯಾವ್ದನ್ನ ನಂಬ್ಲಿ?”

“ಸೂಜಿ ಹಾಕಿದ್ರೆ ಒಂದೆರಡು ದಿನ ಜ್ವರ ಬರ್ಬೋದು, ಹಾಲು ಕಮ್ಮಿ ಆಗ್ಬೋದು. ಆಮೇಲೆ ಸರಿಹೋಗುತ್ತೆ. ಈಗಾಗ್ಲೇ ರೋಗ ಹತ್ತಿರೋ ದನ ಉಳಿಯುತ್ತೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ. ಹತ್ತದೇ ಇರೋದನ್ನ ಕಾಪಾಡುತ್ತೆ, ಅದು ಗೊತ್ತು. ನನಗೆ ತಿಳಿದಿರೋದು ಇಷ್ಟೇ ಅಕ್ಕ.”

ಮಲ್ಲಾಜಮ್ಮ ಎದ್ದಳು. ಕೊಟ್ಟಿಗೆಯಲ್ಲಿ ಉಳಿದಿದ್ದ ಎರಡು ಹಸುಗಳನ್ನು ಬಿಚ್ಚಿ ಅಂಗಳಕ್ಕೆ ತಂದಳು. ಒಂದರ ಹಗ್ಗವನ್ನು ಪ್ರೇಮಲತಾಳ ಕೈಗೆ ಕೊಟ್ಟಳು, ಮುಖ ನೋಡಲಿಲ್ಲ.

ಗಂಡ ಸತ್ತ ಮನೆಯವಳೇ ಹಸುವನ್ನು ಸೂಜಿಗೆ ಮುಂದೆ ತಂದದ್ದನ್ನು ಕಂಡು ನೆರೆಯವರು ಒಬ್ಬೊಬ್ಬರಾಗಿ ರಾಜಾಮಣಿಗೆ ಬಾಗಿಲು ತೆಗೆದರು. ಅಂದು ಸಂಜೆ ಶಾಲೆಯ ಜಗಲಿಯಲ್ಲಿ ಎಲ್ಲರೆದುರು ಪ್ರೇಮಲತಾ ಅದೇ ಮಾತನ್ನು ಮತ್ತೆ ಹೇಳಿದಳು. ಕೆಲವರು ಬೈದರು, ಅವಳು ಬೈಸಿಕೊಂಡಳು. ಹದಿನೈದು ದಿನ, ದಿನಾ ಸಂಜೆ ಬಂದು ಅಂದಿನ ವಿಷಯ ತಿಳಿಸಿದಳು. ಮತ್ತೆ ಮೂರು ದನ ಸತ್ತವು, ಯಾರೂ ಮುಟ್ಟಲಿಲ್ಲ. ಇನ್ನೊಬ್ಬರ ಕೈಯಲ್ಲಿ ಗುಳ್ಳೆ ಕಂಡ ದಿನವೇ ಕಮಲಂ ಔಷಧಿ ಕೊಡಿಸಿದಳು, ಅವರು ಉಳಿದರು.

ಊರು ಸುಧಾರಿಸಿಕೊಂಡಿತು. ಮಲ್ಲಾಜಮ್ಮ ಈಗಲೂ ಸಂಘಕ್ಕೆ ಹಾಲು ಹಾಕುತ್ತಾಳೆ, ಆದರೆ ಪ್ರೇಮಲತಾಳೊಂದಿಗೆ ಮಾತಾಡುವುದಿಲ್ಲ. ಪ್ರೇಮಲತಾ ಅದನ್ನು ನಿರೀಕ್ಷಿಸುವುದೂ ಇಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರಲ್ಲೂ ಕೆಟ್ಟ ಸುದ್ದಿ ಮೊದಲು ತಲುಪುವುದು ನಿಮಗೇ ಇರಬಹುದು. ಸಂಘದವರಾಗಿರಿ, ಮೇಷ್ಟ್ರಾಗಿರಿ, ಪಂಚಾಯ್ತಿ ಮೆಂಬರ್ ಆಗಿರಿ, ರಿಪೋರ್ಟ್ ಬರಲಿ ಎಂದು ಕಾಯಬೇಡಿ. ಜನ ಹೆದರುತ್ತಾರೆ ಎಂದು ನೀವೇ ತೀರ್ಮಾನಿಸಬೇಡಿ. ತಿಳಿದಷ್ಟನ್ನು, ಅವರಾಡುವ ಮಾತಿನಲ್ಲಿ, ಮನೆಮನೆಗೆ ಹೋಗಿ, ಇವತ್ತೇ ಹೇಳಿ. ದನ ಇದ್ದಕ್ಕಿದ್ದಂತೆ ಸತ್ತರೆ ಮುಟ್ಟಬೇಡಿ, ಕೊಯ್ಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ನೀವು ಇವತ್ತು ಆಡುವ ಒಂದು ಮಾತಿನಿಂದ ಪಕ್ಕದ ಮನೆಯ ಜೀವ ಉಳಿಯಬಹುದು.