ತಂತಿ ಕೆಳಗೆ, ನೀರು ಮೇಲೆ

“ನೆಲ ಅನ್ನೋದು ಹೊಟ್ಟೆ ಇದ್ದ ಹಾಗೆ ಸಾರ್. ಒಂದೇ ಸಲ ಕೊಯ್ಯಬೇಕು, ಒಳಗೆ ಏನೇನು ಸೇರಬೇಕೋ ಎಲ್ಲಾ ಸೇರಿಸಿ ಹೊಲಿದುಬಿಡಬೇಕು. ದಿನಾ ಕೊಯ್ತಾ ಕೂತರೆ ಬೀದಿ ಬದುಕುತ್ತಾ?”

ಬಡಾವಣೆ ಸಂಘದ ಅಧ್ಯಕ್ಷರು ಹೀಗೆಂದಾಗ ಕರೆಂಟ್ ಆಫೀಸಿನ ಎಂಜಿನಿಯರು ‘ಆಹಾ’ ಎಂದರು. ನೀರಿನ ಆಫೀಸಿನ ಎಂಜಿನಿಯರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಧ್ಯಕ್ಷರ ಹೆಂಡತಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಈರುಳ್ಳಿ ಕೊಯ್ಯಲು ಬಾರದ ಗಂಡ ಬೀದಿಯ ಹೊಟ್ಟೆ ಕೊಯ್ಯಲು ಹೊರಟಿದ್ದರು!

ಆದರೂ ಅವರ ಮಾತು ಅವಳಿಗೆ ಹಿಡಿಸಿತ್ತು. ಬೀದಿಯ ತಲೆಯ ಮೇಲೆ ಜೇಡರ ಬಲೆಯ ಹಾಗೆ ಹೆಣೆದುಕೊಂಡಿದ್ದ ಕರೆಂಟು, ಫೋನು, ಟೀವಿಯ ತಂತಿಗಳೆಲ್ಲ ನೆಲದೊಳಗೆ ಹೋಗಲಿದ್ದವು. ಅದಕ್ಕೆಂದು ತೋಡುವ ಕಾಲುವೆಯಲ್ಲೇ, ತುಕ್ಕು ತಿಂದು ಕೂತಿದ್ದ ಹಳೇ ನೀರಿನ ಪೈಪನ್ನೂ ಬದಲಾಯಿಸುವುದೆಂದು ಮಾತಾಗಿತ್ತು. ತಂತಿ ಎಲ್ಲಾದರೂ ಹಾಳಾಗಲಿ, ಅವಳಿಗೆ ಬೇಕಾದದ್ದು ಆ ಪೈಪು.

ಏಕೆಂದರೆ ಸಭೆ ನಡೆಯುತ್ತಿದ್ದ ಈ ಕೋಣೆ ಮೊದಲು ಅವಳ ಅತ್ತೆಯದಾಗಿತ್ತು. ಅಧ್ಯಕ್ಷ ಪದವಿ ಸಿಕ್ಕಿದ ವಾರದಲ್ಲೇ ಅದು ಸಂಘದ ಕಚೇರಿಯಾಯಿತು. “ಮೇಲೆ ಗಾಳಿ ಬೆಳಕು ಚೆನ್ನಾಗಿದೆ ಅಮ್ಮಾ” ಎಂದು ಮಗ ತಾಯಿಯನ್ನು ಮಹಡಿ ಹತ್ತಿಸಿದರು. ಗಾಳಿಯೂ ಹತ್ತಿತು, ಬೆಳಕೂ ಹತ್ತಿತು, ತುಕ್ಕು ಪೈಪಿನ ನೀರು ಮಾತ್ರ ಹತ್ತಲಿಲ್ಲ. ಮಂಡಿ ಹಿಡಿದ ಮುದುಕಿ ಇಳಿಯುವಂತಿಲ್ಲ, ನೀರು ಏರುವಂತಿಲ್ಲ. ನಡುವೆ ಸೊಸೆಯ ಸೊಂಟ, ಕೈಯಲ್ಲಿ ಒಂದು ನೀಲಿ ಬಕೆಟ್ಟು.

“ಪೈಪು ಅಡಿಯಲ್ಲಿ ಹೋಗಬೇಕು, ಕೇಬಲ್ಲು ಮೇಲೆ. ಮೊದಲು ನಮ್ಮದು” ಎಂದರು ನೀರಿನವರು.

“ಆಗಲಿ ಸ್ವಾಮಿ, ಪೈಪೆಲ್ಲಿ?” ಎಂದರು ಕರೆಂಟಿನವರು.

“ಬರ್ತಾ ಇದೆ.”

“ಎಲ್ಲಿವರೆಗೆ ಬಂದಿದೆ?”

“ಹೊರಡಬೇಕು ಅಂತ ಹೇಳಿದ್ದಾರೆ.”

ಜಗಳ ಬೆಳೆಯುವ ಮೊದಲೇ ಅಧ್ಯಕ್ಷರು ಎದ್ದು ನಿಂತು ಒಂದು ನಿರ್ಣಯ ಮಂಡಿಸಿದರು: ಒಮ್ಮೆ ಮುಚ್ಚಿದ ಮೇಲೆ ಐದು ವರ್ಷ ಈ ಬೀದಿಯ ನೆಲಕ್ಕೆ ಯಾರೂ ಗುದ್ದಲಿ ಮುಟ್ಟಿಸಕೂಡದು. ಚಪ್ಪಾಳೆಯೋ ಚಪ್ಪಾಳೆ. ಅವಳೂ ತಟ್ಟೆ ಕೆಳಗಿಟ್ಟು ಚಪ್ಪಾಳೆ ಹೊಡೆದಳು. ಬುದ್ಧಿಗೆ ಅಷ್ಟು ಹೊತ್ತು ಮಂಕು ಕವಿದಿತ್ತು, ಪಾಪ.

ಕಾಲುವೆ ತೆಗೆದದ್ದಾಯಿತು. ಕೇಬಲ್ಲು ಬಂತು, ಹೆಬ್ಬಾವಿನ ಹಾಗೆ ಹರಿದು ಮಲಗಿತು. ಪೈಪಿನ ಸುಳಿವಿಲ್ಲ. ಇದ್ದಕ್ಕಿದ್ದಂತೆ ಒಂದು ಬೆಳಿಗ್ಗೆ ಮಣ್ಣು ಮುಚ್ಚಿ, ಮೇಲೆ ನುಣ್ಣನೆ ಕಲ್ಲು ಹಾಸತೊಡಗಿದರು. ಅವಳು ಬಕೆಟ್ ಸಮೇತ ಕಚೇರಿಗೆ ನುಗ್ಗಿದಳು.

“ರೀ, ನೀರಿನ ಪೈಪು?”

“ಬರುತ್ತೆ ಕಣೇ.”

“ಬಂದು ಎಲ್ಲಿ ಮಲಗುತ್ತೆ? ನಿಮ್ಮ ಪಕ್ಕದಲ್ಲಾ?”

“ಮೆಲ್ಲಗೆ ಮಾತಾಡು. ದೊಡ್ಡವರು ಉದ್ಘಾಟನೆಗೆ ದಿನ ಕೊಟ್ಟಿದ್ದಾರೆ. ಗುಂಡಿ ಎದುರು ನಿಲ್ಲಿಸಿ ಕೈಗೆ ಕತ್ತರಿ ಕೊಡೋಕಾಗುತ್ತಾ? ಜಾರಿ ಬಿದ್ದರೆ?”

“ನಿಮ್ಮಮ್ಮ ಸ್ನಾನ ಮಾಡಬೇಕಲ್ಲ, ಅದಕ್ಕೆ ಯಾರು ದಿನ ಕೊಡ್ತಾರೆ?”

ಅಧ್ಯಕ್ಷರು ಮತ್ತೆ ಭಾಷಣ ತಿದ್ದತೊಡಗಿದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗೊಣಗುತ್ತ ಅವಳು ಮೆಟ್ಟಿಲು ಹತ್ತಿದಳು.

ದೊಡ್ಡವರು ಬಂದರು, ರಿಬ್ಬನ್ ಕತ್ತರಿಸಿದರು, ಹೋದರು. ಅವರ ಕಾರಿನ ಧೂಳು ಅಡಗುವ ಮೊದಲೇ ಪೈಪು ತುಂಬಿದ ಲಾರಿ ಬೀದಿಗೆ ಬಂತು. ಹಾಸಿದ ಕಲ್ಲಿನ ಮೇಲೆ ಪೈಪುಗಳು ನೆಂಟರ ಹಾಗೆ ಉದ್ದಕ್ಕೆ ಬಿದ್ದುಕೊಂಡವು. ಅಗೆಯುವಂತಿಲ್ಲ, ನಿರ್ಣಯ ಇದೆ. ಅತ್ತ ತಂತಿ ಕಳೆದುಕೊಂಡ ಕಂಬಗಳೂ ಬೋಳುಬೋಳಾಗಿ ನಿಂತೇ ಇದ್ದವು. ಕೀಳಬೇಕಾದರೆ ಬುಡ ಅಗೆಯಬೇಕು. ಅದಕ್ಕೂ ಅದೇ ನಿರ್ಣಯ.

ಮತ್ತೆ ಸಭೆ, ಮತ್ತೆ ಚಹಾ.

“ನಿರ್ಣಯ ವಾಪಸ್ ತಗೊಳ್ಳಿ ಸಾರ್, ಒಂದೇ ಒಂದು ಸಲ ಅಗೆದುಬಿಡ್ತೀವಿ” ಎಂದರು ನೀರಿನವರು.

“ಅದು ಹೇಗ್ರೀ ಸಾಧ್ಯ? ಮಾತು ಕೊಟ್ಟಿದ್ದೀನಿ. ಜನ ಉಗೀತಾರೆ.”

“ಪೈಪು ಬಿಸಿಲಲ್ಲಿ ಹಾಳಾಗುತ್ತೆ.”

“ನನ್ನ ಮರ್ಯಾದೆ?”

ಮೇಲಿನಿಂದ ದೊಣ್ಣೆಯಲ್ಲಿ ನೆಲ ಕುಟ್ಟುವ ಸದ್ದು ಬಂತು. ಅತ್ತೆಗೆ ನೀರು ಬೇಕಾಗಿತ್ತು. ಸೊಸೆಯ ತಾಳ್ಮೆಯ ಕಟ್ಟೆ ಒಡೆಯಿತು. ಚಹಾದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಹೇಳಿದಳು:

“ನೆಲ ಮುಟ್ಟೋ ಹಾಗಿಲ್ಲ ತಾನೆ? ಬೀದಿ ತುಂಬ ಕಂಬಗಳು ಕೆಲಸವಿಲ್ಲದೆ ನಿಂತಿವೆ. ಅವಕ್ಕೇ ನೇತುಹಾಕಿ ಪೈಪನ್ನ! ತಂತಿ ಕೆಳಗಿಳೀತು, ನೀರು ಮೇಲೇರಲಿ. ಬೀದೀನ ತಲೆಕೆಳಗೆ ಮಾಡೋದೇ ಆದರೆ ಪೂರ್ತಿ ಮಾಡಿ!”

ಮೂವರೂ ಮೇಜನ್ನೇ ನೋಡತೊಡಗಿದರು. ನಾಚಿಕೆಯಿಂದ ತಲೆ ತಗ್ಗಿಸಿದ್ದಾರೆ ಎಂದುಕೊಂಡಳು. ತಲೆ ತಗ್ಗಿಸಿದ್ದೇನೋ ನಿಜ, ಆದರೆ ಯೋಚನೆ ಮಾಡುವುದಕ್ಕೆ.

“ನಿರ್ಣಯಕ್ಕೆ ಧಕ್ಕೆ ಇಲ್ಲ” ಎಂದರು ಅಧ್ಯಕ್ಷರು ನಿಧಾನವಾಗಿ.

“ಕಂಬಕ್ಕೂ ಒಂದು ಉದ್ಯೋಗ ಆಯ್ತು” ಎಂದರು ಕರೆಂಟಿನವರು.

“ಮೇಡಂ, ನಮ್ಮ ಆಫೀಸಲ್ಲಿ ಇಷ್ಟು ವರ್ಷ ಇದ್ದೀವಿ, ಒಬ್ಬರಿಗೂ ಹೊಳೆದಿರಲಿಲ್ಲ!” ಎಂದರು ನೀರಿನವರು, ಕೊನೆಯ ಬಿಸ್ಕತ್ತು ಎತ್ತಿಕೊಳ್ಳುತ್ತ.

ಅವಳು ಬಕೆಟ್ ತುಂಬಿಕೊಂಡು ಮಹಡಿ ಹತ್ತಿ, ಏದುಸಿರಲ್ಲೇ ನಡೆದದ್ದನ್ನೆಲ್ಲ ಅತ್ತೆಗೆ ಒಪ್ಪಿಸಿದಳು.

“ನಾನು ಮುಖಕ್ಕೆ ಉಗಿದೆ ಅತ್ತೆ. ಅವರು ಪನ್ನೀರು ಅಂದ್ಕೊಂಡು ಒರೆಸಿಕೊಂಡರು.”

ಅತ್ತೆ ಬೊಚ್ಚುಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಹರಿಯೋ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಅಂತಿದ್ದರು ನಮ್ಮ ಕಾಲದಲ್ಲಿ. ನನ್ನ ಮಗ ನೋಡು, ನೀರನ್ನ ಹಗ್ಗದ ಮೇಲೆ ನಡೆಸ್ತಾನೆ.”

ಪೈಪು ನಿಜವಾಗಿಯೂ ಕಂಬಗಳ ಹೆಗಲೇರಿತು. ಬೀದಿಯ ಮೂಲೆಯ ದೊಡ್ಡ ಕೊಳಾಯಿಯಲ್ಲಿ ನೀರಿಗೆ ಆನೆಬಲವಿತ್ತು. ಅಲ್ಲಿಂದ ಹೊರಟ ಪೈಪು ಕಂಬದಿಂದ ಕಂಬಕ್ಕೆ ತೂಗುತ್ತ, ಬಾಲ್ಕನಿಗಳ ಮೂಗು ಸವರುತ್ತ, ಅತ್ತೆಯ ಕಿಟಕಿ ಪಕ್ಕದಲ್ಲೇ ಗೋಡೆ ತೂರಿ ಬಚ್ಚಲಿಗೆ ಬಂತು. ಕಾಗೆಗಳು ತಮ್ಮ ಹಳೇ ತಂತಿಗಿಂತ ಇದೇ ದಪ್ಪ, ಇದೇ ವಾಸಿ ಎಂದು ಬಂದು ಕೂತವು.

ಎರಡನೇ ಉದ್ಘಾಟನೆಯೂ ಆಯಿತು. ಅಧ್ಯಕ್ಷರು ಮನೆ ಮುಂದಿನ ಕಂಬದ ಬುಡದಲ್ಲಿ ನಿಂತು, ಈ ಯೋಚನೆ ತಮಗೆ ಹೇಗೆ ಹೊಳೆಯಿತು ಎಂಬುದನ್ನು ವಿವರಿಸುತ್ತಿದ್ದರು. ಮೂಲೆಯಲ್ಲಿ ಯಾರೋ ನೀರು ಬಿಟ್ಟರು. ಮೇಲೆ ಅತ್ತೆ ನಲ್ಲಿಯ ಮೇಲೆ ಕೈ ಇಟ್ಟುಕೊಂಡು ಕಾದಿದ್ದರು.

“ತಿರುಗಿಸಲೇನೇ?”

“ತಿರುಗಿಸಿ ಅತ್ತೆ. ನೀವೇ ತಿರುಗಿಸಿ.”

ನಲ್ಲಿ ಎರಡು ಸಲ ತೇಗಿತು, ಕೆಮ್ಮಿತು, ಆಮೇಲೆ ಧೋ ಎಂದು ಸುರಿಯಿತು. ಅತ್ತೆ ಎರಡೂ ಕೈ ಒಡ್ಡಿ ಮುಖಕ್ಕೆ ಎರಚಿಕೊಂಡರು, ಸೀರೆ ತೊಯ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ಹೊರಗೆ ಕಂಬದ ತುದಿಯ ಜೋಡಣೆಯಿಂದ ಒಂದು ಹನಿ ಉದುರಿ ಅಧ್ಯಕ್ಷರ ಬೋಳುತಲೆಯ ನಡುವಿಗೆ ಬಿತ್ತು. ಅದರ ಹಿಂದೆ ಇನ್ನೊಂದು. ಅವರು ಮಾತು ನಿಲ್ಲಿಸಲಿಲ್ಲ. ಸುಡುಬಿಸಿಲಲ್ಲಿ ಯಾರೋ ಅವರ ತಲೆಯ ಮೇಲೆ ಕೊಡೆ ಬಿಚ್ಚಿ ಹಿಡಿದರು.

ಸೊಸೆ ನೀಲಿ ಬಕೆಟ್ಟನ್ನು ಕಿಟಕಿಯ ಬಳಿ ಬೋರಲು ಹಾಕಿ, ಅದರ ಮೇಲೆ ಆರಾಮವಾಗಿ ಕೂತು, ನೋಡತೊಡಗಿದಳು.