ಮದುವಣಿಗನ ಕ್ಷೌರ

ಬೆಳಗಿನಿಂದ ಇವಾಂಥಿಯಾಳಿಗೆ ಕೈ ಬಿಡುವಿರಲಿಲ್ಲ. ಒಲೆಯಲ್ಲಿ ಕುರಿಮಾಂಸ, ಅಂಗಳದ ತುಂಬ ನೆಂಟರು, ಜಗಲಿಯಲ್ಲಿ ಕ್ಲಾರಿನೆಟ್ಟಿನವರು. ಎಪಿರಸ್ ಬೆಟ್ಟದ ಆ ಊರಿನಲ್ಲಿ ಮದುವಣಿಗ ಚರ್ಚಿಗೆ ಹೊರಡುವ ಮೊದಲು ಅಂಗಳದ ನಡುವೆ ಕುರ್ಚಿ ಹಾಕಿ, ಎಲ್ಲರೆದುರು ಹಾಡು ಹೇಳಿ ಅವನ ಗಡ್ಡ ಬೋಳಿಸಬೇಕು. ಬೋಳಿಸಿಕೊಳ್ಳದವನು ಗಂಡಸೇ ಅಲ್ಲವಂತೆ.

ಒಳಗೆ ಅಂದಿನ ಮದುವಣಿಗ, ಮಗ ಥಿಮಿಯೋಸ್ ಅವಳ ಕೈ ಹಿಡಿದುಕೊಂಡ. "ಅಮ್ಮಾ, ಇದೊಂದು ಬೇಡಮ್ಮ. ಬೇರೆ ಏನು ಹೇಳಿದ್ರೂ ಮಾಡ್ತೀನಿ."

ಹದಿನಾಲ್ಕಕ್ಕೆ ಅವನಿಗೆ ಮೊಡವೆ ಶುರುವಾಗಿತ್ತು. ಬಂದು ಹೋಗುವಂಥವಲ್ಲ, ಕೀವು ತುಂಬಿ, ಗಂಟು ಕಟ್ಟಿ, ಒಡೆದು ಗುಳಿ ಬಿಡುವಂಥವು. ಗಂಡ ಸತ್ತ ಮೇಲೆ ಮನೆಗೆ ಹಿರಿಯನೆಂದರೆ ಮೈದುನ ಲಾಂಬ್ರೋಸ್. "ಡಾಕ್ಟರ ಮುಲಾಮು ಹಚ್ಚಿದ್ರೆ ವಿಷ ಒಳಗಿಳಿಯುತ್ತೆ ಅತ್ತಿಗೆ. ಮದುವೆಯಾದ್ರೆ ತಾನೇ ಹೋಗುತ್ತೆ ಬಿಡು" ಎಂದಿದ್ದ. ಅವಳು ನಂಬಿದಳು. ಮಗನ ಕೆನ್ನೆಗೆ ಸಾರಾಯಿ ಉಜ್ಜಿದಳು. ಅವನು ಹಲ್ಲು ಕಚ್ಚಿ ಅತ್ತ. ಶಾಲೆಯಲ್ಲಿ 'ಜೇನುಗೂಡು' ಎಂದು ಕರೆದರು. ದಿನವಿಡೀ ಹಾಡುತ್ತಿದ್ದ ಹುಡುಗ ಮಾತು ಬಿಟ್ಟ, ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟ. ಇಪ್ಪತ್ತಕ್ಕೆ ಗಡ್ಡ ದಟ್ಟವಾದ ಮೇಲೆಯೇ ಅವನು ತಲೆಯೆತ್ತಿ ನಡೆದದ್ದು, ಆರ್ಗಿರೋ ಎಂಬ ಹುಡುಗಿಯೊಡನೆ ನಕ್ಕದ್ದು.

ಇಷ್ಟೆಲ್ಲ ಬಲ್ಲ ತಾಯಿಯೇ, "ಹತ್ತು ನಿಮಿಷದ ಕೆಲಸ ಕಣೋ. ಜನ ಏನಂದಾರು?" ಎಂದು ಅವನನ್ನು ಹೊರಗೆ ತಳ್ಳಿದಳು. ಈ 'ಜನ ಏನಂದಾರು' ಎಷ್ಟು ಮನೆಯ ಮಕ್ಕಳನ್ನು ನುಂಗಿದೆಯೋ ದೇವರೇ ಬಲ್ಲ!

ಲಾಂಬ್ರೋಸನೇ ಕತ್ತಿ ಹಿಡಿದ. ಒಂದು ಕೆನ್ನೆ ಬೋಳಾಗುವಷ್ಟರಲ್ಲಿ ಗಂಟುಗಳು ಕೊಯ್ದುಹೋಗಿ ಬಿಳಿ ಟವೆಲ್ ಕೆಂಪಾಯಿತು. ಹಾಡು ನಿಂತಿತು.

"ಲೋ, ಮದುವಣಿಗನ ಕೆನ್ನೇಲಿ ಆಲೂಗಡ್ಡೆ ಬಿತ್ತಬಹುದಲ್ಲೋ!" ಎಂದ ಒಬ್ಬ.

"ಇದು ಅಂಟುತ್ತೇನ್ರೀ? ಹುಟ್ಟೋ ಮಕ್ಕಳಿಗೂ ಬರುತ್ತಾ?" ಎಂದಳು ಹೆಣ್ಣಿನ ಕಡೆಯವಳು.

ಅಂಗಳವೇ ನಕ್ಕಿತು. ಥಿಮಿಯೋಸ್ ನಗುವವರನ್ನೆಲ್ಲ ಒಮ್ಮೆ ನೋಡಿದ. ಅರ್ಧ ಗಡ್ಡದಲ್ಲೇ ಎದ್ದು ಒಳಗೆ ಹೋದವನು ಹಿತ್ತಲಿನಿಂದ ಹೊರಟುಹೋದ.

ಚರ್ಚಿನ ಬಾಗಿಲಲ್ಲಿ ಎರಡು ಗಂಟೆ ಕಾದ ಆರ್ಗಿರೋ ಮದುವೆಯ ಬಟ್ಟೆಯಲ್ಲೇ ಅಂಗಳಕ್ಕೆ ನಡೆದು ಬಂದಳು. ರಕ್ತದ ಟವೆಲ್ ಕಂಡಳು.

"ಆ ಗಡ್ಡದಲ್ಲಿ ಎಷ್ಟು ಸಲ ಕೈಯಾಡಿಸಿದ್ದೀನಿ ಅತ್ತೆ. ಒಂದೊಂದು ಗುಳಿನೂ ನನ್ನ ಬೆರಳಿಗೆ ಗೊತ್ತು. ಮತ್ತೆ ಯಾರಿಗೆ ತೋರಿಸೋಕೆ ಬೋಳಿಸಿದ್ರಿ?"



ಅದಾಗಿ ಆರು ವರ್ಷ. ಈಗ ಊರಲ್ಲಿ ಯಾರದೇ ಮದುವೆಯಿರಲಿ, ಯಾರೂ ಕರೆಯದಿದ್ದರೂ ಇವಾಂಥಿಯಾ ಹೋಗುತ್ತಾಳೆ. "ಈ ಕ್ಷೌರ ನಿಂಗೆ ಬೇಕೇನೋ ಮಗಾ?" ಎಂದು ಮದುವಣಿಗನನ್ನು ಕೇಳುತ್ತಾಳೆ. ಅವನು ಬೇಡವೆಂದರೆ ಕುರ್ಚಿಯ ಮೇಲೆ ತಾನೇ ಕೂತುಬಿಡುತ್ತಾಳೆ.

"ಏಳು ಅತ್ತಿಗೆ, ಶಾಸ್ತ್ರಕ್ಕೆ ಅಡ್ಡ ಬರಬೇಡ" ಎಂದು ಲಾಂಬ್ರೋಸ್ ಗದರುತ್ತಾನೆ.

"ಮೊದಲು ನನ್ನ ತಲೆ ಬೋಳಿಸು, ಬಾ."

ಈವರೆಗೆ ನಾಲ್ವರು ಹುಡುಗರು ಗಡ್ಡದಲ್ಲೇ ಚರ್ಚಿಗೆ ಹೋಗಿ ಮದುವೆಯಾಗಿದ್ದಾರೆ. ಥಿಮಿಯೋಸ್ ಇನ್ನೂ ಮನೆಗೆ ಬಂದಿಲ್ಲ.